ಲೇಕಾಕ್: ಕಿಟಕಿಯೊಂದು ಚಿತ್ರವಾದ ಊರು

ಲಂಡನ್ನಿನಿಂದ ಪಶ್ಚಿಮಕ್ಕೆ ಸುಮಾರು 160 ಕಿ.ಮೀ. ದೂರದಲ್ಲಿ, ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದಲ್ಲಿ ಲೇಕಾಕ್ ಎಂಬ ಪುಟ್ಟ ಹಳ್ಳಿಯೊಂದಿದೆ. ಮುಖ್ಯವಾಗಿ ನಾಲ್ಕೇ ನಾಲ್ಕು ಬೀದಿಗಳು. ಅವು ಒಂದಕ್ಕೊಂದು ಸೇರಿ ಚೌಕವಾಗುತ್ತವೆ. ಬೀದಿಯ ಎರಡೂ ಬದಿಗೆ ಕಲ್ಲಿನ ಮನೆಗಳು, ಮರದ ತೊಲೆಗಳ ನಡುವೆ ಗಾರೆ ತುಂಬಿದ ಮನೆಗಳು, ವಯಸ್ಸಾಗಿ ಬಾಗಿದ ಮಾಡುಗಳು. ಹಳ್ಳಿಯನ್ನು ಸುತ್ತಿ ಬರಲು ಅರ್ಧ ಗಂಟೆ ಧಾರಾಳವಾಗಿ ಸಾಕು. ಆದರೂ ಇಲ್ಲಿಗೆ ದೂರದ ದೇಶಗಳಿಂದ ಜನ ಬರುತ್ತಾರೆ. ಬಂದವರಲ್ಲಿ ಹಲವರು ಊರಂಚಿನ ಹಳೆಯ ಮಠದ ಒಂದು ಕಿಟಕಿಯ ಮುಂದೆ ನಿಂತು, ಅದನ್ನೇ ನೋಡಿ, ಸುಮ್ಮನೆ ಹಿಂದಿರುಗುತ್ತಾರೆ!

ಒಂದು ಕಿಟಕಿಯಲ್ಲಿ ನೋಡುವುದಕ್ಕೆ ಏನಿದೆ? ಆ ಕಿಟಕಿ 1835ರ ಆಗಸ್ಟ್ ತಿಂಗಳಿನಲ್ಲಿ ಅಂಚೆಚೀಟಿಯಷ್ಟು ದೊಡ್ಡ ಒಂದು ಕಾಗದದ ಚೂರಿನ ಮೇಲೆ ತನ್ನ ಚಿತ್ರವನ್ನು ತಾನೇ ಬರೆದುಕೊಂಡಿತು. ಇಂದಿಗೂ ಉಳಿದಿರುವ, ಕ್ಯಾಮೆರಾದಿಂದ ತೆಗೆದ ನೆಗೆಟಿವ್‌ಗಳಲ್ಲಿ ಅದೇ ಅತ್ಯಂತ ಹಳೆಯದು. ಇಂದು ಮನೆಯ ಮೇಜಿನ ಮೇಲಿರುವ ಕಂಪ್ಯೂಟರ್ ಪ್ರಿಂಟರಿನೊಳಗಿನ ಒಂದು ಪುಟ್ಟ ಹಲ್ಲುಚಕ್ರಕ್ಕೂ ಈ ಕಿಟಕಿಗೂ ನಂಟಿದೆ ಎಂದರೆ ಅಚ್ಚರಿಯಾಗಬಹುದು. ಆ ನಂಟನ್ನು ತಿಳಿಯಬೇಕಾದರೆ ಮೊದಲು ಮಠದ ಒಳಗೆ ಹೋಗಬೇಕು.

ಮಠ ಮನೆಯಾದ ಕಥೆ

ಲೇಕಾಕ್ ಮಠವನ್ನು 1232ರಲ್ಲಿ ಕಟ್ಟಿಸಿದವಳು ಸಾಲಿಸ್‌ಬರಿಯ ಕೌಂಟೆಸ್ ಈಲಾ. ಕ್ರೈಸ್ತ ಸನ್ಯಾಸಿನಿಯರ ವಾಸಕ್ಕಾಗಿ ಕಟ್ಟಿಸಿದ್ದು. ಮುನ್ನೂರು ವರ್ಷ ಅದು ಮಠವಾಗಿಯೇ ಇತ್ತು. ಎಂಟನೆಯ ಹೆನ್ರಿ ದೊರೆ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿದಾಗ 1539ರಲ್ಲಿ ಇದೂ ಮುಚ್ಚಿತು. ಬಳಿಕ ವಿಲಿಯಂ ಷಾರಿಂಗ್‌ಟನ್ ಎಂಬಾತ ಕೊಂಡು ಮನೆಯಾಗಿ ಪರಿವರ್ತಿಸಿದ. ಆದ್ದರಿಂದ ಕೆಳಗೆ ಮಠದ ಕಮಾನುಗಳು, ಮೇಲೆ ಶ್ರೀಮಂತರ ಮನೆಯ ಕೋಣೆಗಳು ಎಂಬಂತೆ ಕಟ್ಟಡ ಇಂದಿಗೂ ಎರಡು ಮುಖಗಳನ್ನು ತೋರಿಸುತ್ತದೆ.

ಕೆಳಗಿನ ಕಲ್ಲಿನ ಮೊಗಸಾಲೆಗಳನ್ನು ನೋಡಿದ ಮಕ್ಕಳಿಗೆ ‘ಇದನ್ನು ಎಲ್ಲೋ ನೋಡಿದ್ದೇವಲ್ಲ!’ ಎನಿಸಿದರೆ ತಪ್ಪಿಲ್ಲ. 2001ರಲ್ಲಿ ತೆರೆಕಂಡ ಮೊದಲ ಹ್ಯಾರಿ ಪಾಟರ್ ಚಲನಚಿತ್ರದ ಕೆಲವು ದೃಶ್ಯಗಳನ್ನು ಇಲ್ಲಿಯೇ ಚಿತ್ರೀಕರಿಸಲಾಗಿದೆ. ಆದರೆ ಇಲ್ಲಿ ನಡೆದ ನಿಜವಾದ ಮಾಯಾವಿದ್ಯೆ ಮೇಲಿನ ಅಂತಸ್ತಿನದು. ಮೆಟ್ಟಿಲು ಹತ್ತಿ ದಕ್ಷಿಣದ ಉದ್ದನೆಯ ಕೋಣೆಗೆ ಹೋದರೆ, ಹೊರಗೆ ಚಾಚಿಕೊಂಡಿರುವ ಕಿಟಕಿಗಳು ಕಾಣುತ್ತವೆ. ಅವುಗಳಲ್ಲಿ ನಡುವಿನ ಚಿಕ್ಕದೇ ಆ ಪ್ರಸಿದ್ಧ ಕಿಟಕಿ. ಸೀಸದ ಪಟ್ಟಿಗಳಿಂದ ಜೋಡಿಸಿದ ಸಣ್ಣ ಸಣ್ಣ ಗಾಜಿನ ತುಂಡುಗಳು, ಅವುಗಳ ಮೂಲಕ ಒಳಬರುವ ದಕ್ಷಿಣದ ಬೆಳಕು.

ಚಿತ್ರ ಬರೆಯಲು ಬಾರದ ವಿಜ್ಞಾನಿ

ಈ ಮನೆಯ ಒಡೆಯ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್. ಹುಟ್ಟಿದ್ದು 1800ರ ಫೆಬ್ರುವರಿ 11. ಗಣಿತ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಬೆಳಕಿನ ಶಾಸ್ತ್ರ ಎಲ್ಲದರಲ್ಲೂ ಆಸಕ್ತಿ. 1831ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. ಕೆಲಕಾಲ ಚಿಪ್ಪೆನ್‌ಹ್ಯಾಮ್ ಕ್ಷೇತ್ರದಿಂದ ಸಂಸತ್ತಿನಲ್ಲೂ ಇದ್ದ. ಮುಂದೆ ಮೆಸೊಪೊಟೇಮಿಯದ ಬಾಣದ ಮೊನೆಯಂತಹ ಲಿಪಿಯನ್ನು ಓದಿದವರಲ್ಲೂ ಒಬ್ಬನಾದ. ಇಷ್ಟೆಲ್ಲ ಬಲ್ಲವನಿಗೆ ಒಂದೇ ಒಂದು ವಿದ್ಯೆ ಕೈಹತ್ತಲಿಲ್ಲ. ಅದು ಚಿತ್ರ ಬರೆಯುವುದು.

1833ರ ಅಕ್ಟೋಬರ್‌ನಲ್ಲಿ ಇಟಲಿಯ ಕೋಮೊ ಸರೋವರದ ದಡದಲ್ಲಿ ಕುಳಿತು, ‘ಕ್ಯಾಮೆರಾ ಲೂಸಿಡಾ’ ಎಂಬ ಉಪಕರಣದ ನೆರವಿನಿಂದ ನೋಟವನ್ನು ಕಾಗದಕ್ಕೆ ಇಳಿಸಲು ಟಾಲ್ಬಟ್ ಯತ್ನಿಸಿದ. ಗಾಜಿನ ಪಟ್ಟಕದಲ್ಲಿ ನೋಟ ಸುಂದರವಾಗಿ ಕಾಣುತ್ತಿತ್ತು. ಕಣ್ಣು ಎತ್ತಿದರೆ ಕಾಗದದ ಮೇಲೆ ಅಂಕುಡೊಂಕು ಗೆರೆಗಳು ಮಾತ್ರ! ಬೆಳಕೇ ತನ್ನ ಚಿತ್ರವನ್ನು ಕಾಗದದ ಮೇಲೆ ಮೂಡಿಸಿ ಅಲ್ಲಿಯೇ ನಿಲ್ಲುವಂತೆ ಮಾಡಬಾರದೇಕೆ ಎಂಬ ಆಲೋಚನೆ ಆ ಸೋಲಿನಿಂದ ಹುಟ್ಟಿತು.

ಮನೆಗೆ ಮರಳಿ ಪ್ರಯೋಗಗಳನ್ನು ತೊಡಗಿದ. ಒಳ್ಳೆಯ ಬರೆಯುವ ಕಾಗದವನ್ನು ಅಡುಗೆ ಉಪ್ಪಿನ ತೆಳು ದ್ರಾವಣದಲ್ಲಿ ಅದ್ದಿ ಒಣಗಿಸಿ, ಅದರ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣ ಬಳಿದ. ಕಾಗದದ ನಾರುಗಳ ನಡುವೆ ಸಿಲ್ವರ್ ಕ್ಲೋರೈಡ್ ಉಂಟಾಯಿತು. ಅದು ಬೆಳಕು ಬಿದ್ದಲ್ಲಿ ಕಪ್ಪಾಗುವ ವಸ್ತು. ಊರಿನ ಬಡಗಿಯಿಂದ ಚಿಕ್ಕ ಚಿಕ್ಕ ಮರದ ಪೆಟ್ಟಿಗೆಗಳನ್ನು ಮಾಡಿಸಿ, ಮಸೂರ ಜೋಡಿಸಿ, ಒಳಗೆ ಆ ಕಾಗದವನ್ನಿಟ್ಟು ಮನೆಯ ಸುತ್ತಮುತ್ತ ಇಡತೊಡಗಿದ. ಅವನ ಪತ್ನಿ ಕಾನ್‌ಸ್ಟನ್ಸ್ ಅವುಗಳಿಗೆ ‘ಇಲಿಬೋನು’ ಎಂದೇ ಹೆಸರಿಟ್ಟಳು! ಅಂಥ ಒಂದು ಇಲಿಬೋನಿಗೆ ಸಿಕ್ಕಿಬಿದ್ದದ್ದೇ ಈ ಕಿಟಕಿ. ಚಿತ್ರ ಹೊಸದಾಗಿದ್ದಾಗ, ಭೂತಗನ್ನಡಿ ಹಿಡಿದರೆ ಅದರಲ್ಲಿನ ಸುಮಾರು 200 ಗಾಜಿನ ತುಂಡುಗಳನ್ನು ಎಣಿಸಬಹುದಾಗಿತ್ತೆಂದು ಟಾಲ್ಬಟ್ ಅದರ ಪಕ್ಕದಲ್ಲೇ ಬರೆದಿಟ್ಟಿದ್ದಾನೆ. ಆ ಮೂಲ ಚೂರು ಇಂದು ಬ್ರಾಡ್‌ಫರ್ಡ್ ನಗರದ ವಿಜ್ಞಾನ ಮತ್ತು ಮಾಧ್ಯಮ ವಸ್ತುಸಂಗ್ರಹಾಲಯದ ಸ್ವತ್ತು.

ಒಂದರಿಂದ ನೂರು

ಆ ಚೂರಿನಲ್ಲಿ ಬೆಳಕಿನ ಕಿಟಕಿ ಕಪ್ಪಾಗಿ, ಕತ್ತಲೆಯ ಗೋಡೆ ಬಿಳುಪಾಗಿ ಮೂಡಿತ್ತು. ಎಲ್ಲವೂ ತಿರುವುಮುರುವು. ಇದನ್ನು ದೋಷವೆಂದು ಬೇರೆ ಯಾರಾದರೂ ಎಸೆದುಬಿಡುತ್ತಿದ್ದರೇನೋ. ಟಾಲ್ಬಟ್ ಬೇರೆಯಾಗಿ ಯೋಚಿಸಿದ. ಈ ತಿರುವುಮುರುವಾದ ಚಿತ್ರವನ್ನೇ ಇನ್ನೊಂದು ಸಿದ್ಧ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ, ಕಪ್ಪು ಮತ್ತೆ ಬಿಳುಪಾಗಿ, ಬಿಳುಪು ಕಪ್ಪಾಗಿ ನಿಜವಾದ ನೋಟ ಬರುತ್ತದೆ. ಒಂದಲ್ಲ, ಬೇಕಾದಷ್ಟು ಪ್ರತಿಗಳು ಬರುತ್ತವೆ! ಇವುಗಳಿಗೆ ‘ನೆಗೆಟಿವ್’, ‘ಪಾಸಿಟಿವ್’ ಎಂಬ ಹೆಸರುಗಳನ್ನು ಕೊಟ್ಟವನು ಅವನ ಸ್ನೇಹಿತ, ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ಚಿತ್ರ ಮಾಸದಂತೆ ನಿಲ್ಲಿಸಲು ‘ಹೈಪೊ’ ಎಂಬ ಲವಣವನ್ನು ಸೂಚಿಸಿದವನೂ ಅವನೇ.

ಆದರೆ ಟಾಲ್ಬಟ್ ತನ್ನ ಶೋಧವನ್ನು ಪ್ರಕಟಿಸದೆ ಮೂರು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನಿದ್ದ. 1839ರ ಜನವರಿ 7ರಂದು ಪ್ಯಾರಿಸಿನಲ್ಲಿ ಲೂಯಿ ಡಾಗೇರ್‌ನ ಪದ್ಧತಿಯ ಸುದ್ದಿ ಹೊರಬಿದ್ದಾಗ ಗಾಬರಿಗೊಂಡು, ಅದೇ ತಿಂಗಳ 25ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ತನ್ನ ಚಿತ್ರಗಳನ್ನು ತೋರಿಸಿದ. ಡಾಗೇರನ ಚಿತ್ರಗಳು ಬೆಳ್ಳಿ ಲೇಪಿಸಿದ ತಾಮ್ರದ ಹಾಳೆಯ ಮೇಲೆ ಕನ್ನಡಿಯಂತೆ ಸ್ವಚ್ಛವಾಗಿದ್ದವು. ಜನ ಮೆಚ್ಚಿದ್ದು ಅವುಗಳನ್ನೇ. ಆದರೆ ಅವುಗಳಿಗೆ ಪ್ರತಿ ಇರಲಿಲ್ಲ. ಒಂದು ಹಾಳೆ, ಒಂದೇ ಚಿತ್ರ. ಮುಂದಿನ ಒಂದೂವರೆ ಶತಮಾನ ಜಗತ್ತು ನಡೆದದ್ದು ಲೇಕಾಕ್‌ನ ದಾರಿಯಲ್ಲಿ. ಮದುವೆ ಆಲ್ಬಮ್ಮಿನಿಂದ ಹಿಡಿದು ಸಿನಿಮಾದವರೆಗೆ ಎಲ್ಲವೂ ನೆಗೆಟಿವ್‌ನಿಂದ ಪ್ರತಿ ತೆಗೆಯುವ ವಿದ್ಯೆಯೇ.

ಪ್ರತಿ ತೆಗೆಯುವ ಈ ವರದ ಜೊತೆಗೆ ಒಂದು ತೊಡಕೂ ಬಂತು. ನೆಗೆಟಿವ್‌ನಲ್ಲಿ ಏನಿದೆಯೋ ಅದು ಪ್ರತಿಯೊಂದು ಪ್ರತಿಯಲ್ಲೂ ಇಳಿಯುತ್ತದೆ. ಚಿತ್ರವೂ ಇಳಿಯುತ್ತದೆ, ಚಿತ್ರದ್ದಲ್ಲದ ಗುರುತೂ ಇಳಿಯುತ್ತದೆ. ಟಾಲ್ಬಟ್‌ನ ಕಾಗದದಲ್ಲಿ ನಾರುಗಳಿದ್ದವು. ಬೆಳಕು ಅವುಗಳ ಮೂಲಕ ಹಾಯುವಾಗ ನಾರಿನ ನೆರಳೂ ಪ್ರತಿಯಲ್ಲಿ ಬಿದ್ದು ಚಿತ್ರ ಮಬ್ಬಾಗುತ್ತಿತ್ತು. ಇದಕ್ಕೆ ಉಪಾಯ, ನೆಗೆಟಿವ್‌ಗೆ ಮೇಣ ಸವರಿ ಕಾಗದವನ್ನು ಪಾರಕವಾಗಿಸುವುದು. ಎಣ್ಣೆ ತಾಗಿದ ಕಾಗದದ ಮೂಲಕ ಬೆಳಕು ಹಾಯುವುದನ್ನು ಬೋಂಡ ಕಟ್ಟಿಕೊಟ್ಟ ಪೊಟ್ಟಣದಲ್ಲಿ ಎಲ್ಲರೂ ನೋಡಿರುತ್ತಾರೆ. ತತ್ತ್ವ ಅದೇ. 1851ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತ ಕಾಗದಕ್ಕೆ ಮೊದಲೇ ಮೇಣ ಹಾಕಿ ಬಳಸುವ ಕ್ರಮವನ್ನು ಪ್ರಕಟಿಸಿದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಕಾಗದವನ್ನೇ ಬಿಟ್ಟು ಗಾಜಿನ ಮೇಲೆ ನೆಗೆಟಿವ್ ಮಾಡುವುದನ್ನು ತೋರಿಸಿಕೊಟ್ಟ. ಮುಂದೆ ಗಾಜಿನ ಜಾಗಕ್ಕೆ ಸೆಲ್ಯುಲಾಯಿಡ್ ಫಿಲ್ಮ್ ಬಂತು. ಈ ಬದಲಾವಣೆಗಳಲ್ಲೆಲ್ಲ ಒಂದು ಗುರಿ ಕಾಣುತ್ತದೆ. ಚಿತ್ರವನ್ನು ಹೊತ್ತಿರುವ ಆಧಾರ ತನ್ನ ಗುರುತನ್ನು ಚಿತ್ರದ ಮೇಲೆ ಬಿಡಬಾರದು.

ಹಂಪಿಯ ರಥದ ಸಾಕ್ಷಿ

ಗುರುತಿಲ್ಲದ ನೆಗೆಟಿವ್‌ಗೆ ಇಷ್ಟೊಂದು ಹಟವೇಕೆ ಎಂದು ಕೇಳಬಹುದು. ಉತ್ತರ ಕನ್ನಡ ನಾಡಿನಲ್ಲೇ ಇದೆ.

ಲೇಕಾಕ್‌ನಲ್ಲಿ ಹುಟ್ಟಿದ ಕಾಗದದ ನೆಗೆಟಿವ್ ಇಪ್ಪತ್ತೇ ವರ್ಷಗಳಲ್ಲಿ ತುಂಗಭದ್ರೆಯ ದಡಕ್ಕೆ ಬಂದಿತ್ತು. 1854ರ ಕೊನೆಯಲ್ಲಿ ಲಿನೀಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಹಳೇಬೀಡು, ಬೇಲೂರುಗಳ ದೇಗುಲಗಳನ್ನು ಚಿತ್ರಿಸಿದ. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ದೊಡ್ಡ ಅಳತೆಯ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಅವಶೇಷಗಳನ್ನು ಸೆರೆಹಿಡಿದ. ಹಂಪಿಯ ಅತ್ಯಂತ ಹಳೆಯ ಛಾಯಾಚಿತ್ರಗಳಲ್ಲಿ ಇವು ಸೇರಿವೆ.

ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಯಾರು ತಾನೇ ನೋಡಿಲ್ಲ? ಈಗಿನ 50 ರೂಪಾಯಿ ನೋಟಿನ ಹಿಂಬದಿಯಲ್ಲೇ ಅದಿದೆ. ಆದರೆ ಗ್ರೀನ್‌ಲಾನ ಚಿತ್ರದಲ್ಲಿರುವ ರಥ ಬೇರೆಯಾಗಿ ಕಾಣುತ್ತದೆ. ಅದರ ನೆತ್ತಿಯ ಮೇಲೆ ಇಟ್ಟಿಗೆಯಿಂದ ಕಟ್ಟಿದ ಶಿಖರವಿದೆ! ಆಮೇಲೆ ಅದನ್ನು ತೆಗೆಯಲಾಯಿತು. ಇಂದು ಸ್ಥಳಕ್ಕೆ ಹೋದವರಿಗೆ ಶಿಖರ ಕಾಣದು. ಒಂದು ಕಾಲಕ್ಕೆ ರಥ ಹೇಗಿತ್ತೆಂಬುದಕ್ಕೆ ಕಾಗದದ ಮೇಲಿನ ಆ ಚಿತ್ರವೇ ಸಾಕ್ಷಿ. ಸಾಕ್ಷಿಯ ಮಾತಿನಲ್ಲಿ ತನ್ನದಲ್ಲದ ಮಾತು ಬೆರೆಯಬಾರದು. ಕಲ್ಲಿನ ಮೇಲಿನ ಒಂದು ಚುಕ್ಕೆ ಕಲ್ಲಿನದೋ, ನೆಗೆಟಿವ್‌ನದೋ ಎಂಬ ಸಂಶಯ ಬಂದರೆ ಸಾಕ್ಷಿಯ ಬೆಲೆ ಇಳಿಯುತ್ತದೆ.

ಮತ್ತೆ ಬಂದ ನೆಗೆಟಿವ್

ಲೇಕಾಕ್ ಮಠದ ಬಾಗಿಲಲ್ಲೇ ಇರುವ ಹಳೆಯ ಕಣಜವೊಂದರಲ್ಲಿ 1975ರಿಂದ ಫಾಕ್ಸ್ ಟಾಲ್ಬಟ್ ವಸ್ತುಸಂಗ್ರಹಾಲಯವಿದೆ. ಅಲ್ಲಿಂದ ಹೊರಬರುವ ವಿದ್ಯಾರ್ಥಿಗೆ, ಟಾಲ್ಬಟ್‌ನಂತೆ ತಾನೂ ಒಂದು ಚಿತ್ರವನ್ನು ಬಿಸಿಲಿನಿಂದ ಬರೆಯಿಸಬೇಕು ಎನಿಸುವುದು ಸಹಜ. ಆದರೆ ನೆಗೆಟಿವ್ ಎಲ್ಲಿಂದ ತರುವುದು? ಇಂದಿನ ಮಕ್ಕಳು ಚಿತ್ರ ತೆಗೆಯುವುದು ಫೋನಿನಲ್ಲಿ. ಮನೆಯಲ್ಲಿ ಹಳೆಯ ಫಿಲ್ಮ್ ಸುರುಳಿಗಳಿದ್ದರೂ ಅವು ಬೆರಳಗಲದವು. ನೆಗೆಟಿವ್‌ನ್ನು ಕಾಗದಕ್ಕೆ ಒತ್ತಿ ಬಿಸಿಲಿಗಿಡುವ ಪದ್ಧತಿಯಲ್ಲಿ ಪ್ರತಿಯ ಅಳತೆ ನೆಗೆಟಿವ್‌ನ ಅಳತೆಯೇ. ಗ್ರೀನ್‌ಲಾ ಹಂಪಿಗೆ ಭಾರೀ ಕ್ಯಾಮೆರಾ ಹೊತ್ತೊಯ್ದದ್ದು ಇದಕ್ಕೇ.

ಇಲ್ಲಿಯೇ ಮೇಜಿನ ಮೇಲಿನ ಇಂಕ್‌ಜೆಟ್ ಪ್ರಿಂಟರ್ ನೆರವಿಗೆ ಬರುತ್ತದೆ. ಫೋನಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಕಪ್ಪು ಬಿಳುಪಾಗಿಸಿ, ತಿರುವುಮುರುವು ಮಾಡಿ, ಬೇಕಾದ ಅಳತೆಗೆ ಹಿಗ್ಗಿಸಿ, ಪಾರದರ್ಶಕ ಫಿಲ್ಮಿನ ಮೇಲೆ ಮುದ್ರಿಸಿದರೆ ನೆಗೆಟಿವ್ ಸಿದ್ಧ! ಜಗತ್ತಿನ ನಾನಾ ಕಡೆ ಹಳೆಯ ಪದ್ಧತಿಯ ಛಾಯಾಗ್ರಾಹಕರು ಇಂದು ಮಾಡುತ್ತಿರುವುದು ಹೀಗೆಯೇ. ನಮ್ಮ ಊರುಗಳಲ್ಲಿ ಲಗ್ನಪತ್ರಿಕೆ, ಬಟ್ಟೆಯ ಚೀಲಗಳನ್ನು ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್‌ನವರಿಗೂ ಇಂಥ ಫಿಲ್ಮ್ ಬೇಕು.

ಫಿಲ್ಮ್ ಹೊರಬಂತು. ಕಿಟಕಿಗೆ ಹಿಡಿದು ನೋಡಿದರೆ ಆಕಾಶದ ಭಾಗದಲ್ಲಿ ಇರುವೆ ಸಾಲಿನಂತೆ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು! ಟಾಲ್ಬಟ್‌ನನ್ನು ಕಾಡಿದ ನಾರಿನ ಭೂತವೇ ವೇಷ ಬದಲಿಸಿ ಬಂದಂತಾಯಿತು.

ಹಲ್ಲುಚಕ್ರದ ಹೆಜ್ಜೆಗುರುತು

ಈ ಚುಕ್ಕೆಗಳು ಎಲ್ಲಿಂದ ಬಂದವು? ಪ್ರಿಂಟರಿನ ಮುಚ್ಚಳ ತೆರೆದು, ಕಾಗದ ಹೊರಬರುವ ಕಡೆ ಟಾರ್ಚ್ ಬಿಟ್ಟು ನೋಡಿದರೆ ಗುಟ್ಟು ಬಯಲಾಗುತ್ತದೆ. ಕಾಗದವನ್ನು ಒಳಕ್ಕೆ ಎಳೆದುಕೊಳ್ಳುವುದು ರಬ್ಬರ್ ಉರುಳೆಗಳು. ಶಾಯಿ ಸಿಂಪಡಿಸುವ ತಲೆಯ ಕೆಳಗೆ ಅದು ಹಾಯ್ದ ಮೇಲೆ ಹೊರಗೆ ತಳ್ಳಲು ಕೆಳಗೆ ಇನ್ನೊಂದು ಸಾಲು ಉರುಳೆಗಳಿವೆ. ಆದರೆ ಕಾಗದವನ್ನು ಅವುಗಳಿಗೆ ಒತ್ತಿ ಹಿಡಿಯಲು ಮೇಲಿನಿಂದ ಏನಾದರೂ ಬೇಕಲ್ಲ? ಮೇಲ್ಭಾಗದಲ್ಲಿ ಹಸಿ ಶಾಯಿ. ರಬ್ಬರ್ ಉರುಳೆ ಇಟ್ಟರೆ ಚಿತ್ರವೆಲ್ಲ ಬಳಿದುಹೋಗುತ್ತದೆ. ಅದಕ್ಕೆಂದೇ ತಯಾರಕರು ನಕ್ಷತ್ರದಂತೆ ಚೂಪು ಹಲ್ಲುಗಳಿರುವ ತೆಳು ಚಕ್ರಗಳನ್ನಿಟ್ಟಿದ್ದಾರೆ. ಅವು ಹಲ್ಲಿನ ತುದಿಯಿಂದ ಮಾತ್ರ ಕಾಗದವನ್ನು ಮುಟ್ಟುತ್ತವೆ.

ಕಾಗದದ ಮಟ್ಟಿಗೆ ಇದು ಜಾಣ ಉಪಾಯ. ನಾರುಗಳು ಶಾಯಿಯನ್ನು ಕ್ಷಣದಲ್ಲಿ ಹೀರುತ್ತವೆ, ಹಲ್ಲಿನ ಗುರುತು ಕಾಣುವುದಿಲ್ಲ. ಫಿಲ್ಮ್ ಎಂದರೆ ಪ್ಲಾಸ್ಟಿಕ್ ಹಾಳೆ. ಅದು ಶಾಯಿ ಹೀರದು. ಹೀರುವುದು ಅದರ ಒಂದು ಮುಖಕ್ಕೆ ಬಳಿದಿರುವ ತೆಳುವಾದ ಲೇಪ ಮಾತ್ರ. ಶಾಯಿ ಕುಡಿದ ಲೇಪ ಒಣಗುವತನಕ ಮೆತ್ತಗಿರುತ್ತದೆ. ಮೆತ್ತನೆಯ ನೆಲದಲ್ಲಿ ಕೋಳಿ ನಡೆದರೆ ಹೆಜ್ಜೆ ಮೂಡುವಂತೆ ಇಲ್ಲಿಯೂ ಹಲ್ಲುಗಳ ಹೆಜ್ಜೆ ಮೂಡುತ್ತದೆ. ನೆಗೆಟಿವ್‌ನಲ್ಲಿ ಆಕಾಶವೇ ಅತ್ಯಂತ ಕಪ್ಪು ಭಾಗ, ಹೆಚ್ಚು ಶಾಯಿ ಬೀಳುವುದು ಅಲ್ಲಿಯೇ. ಆದ್ದರಿಂದ ಹೆಜ್ಜೆಗಳೂ ಅಲ್ಲಿಯೇ ಹೆಚ್ಚು. ಶಾಯಿ ಕಿತ್ತುಹೋದ ಜಾಗದಲ್ಲಿ ಬೆಳಕು ನುಸುಳಿ ಪ್ರತಿಯ ಬಿಳಿ ಆಕಾಶದಲ್ಲಿ ಕಪ್ಪು ಚುಕ್ಕೆಗಳ ಸಾಲಾಗುತ್ತದೆ.

ದೋಷ ಯಾವುದೆಂದು ತಿಳಿಯಲು ಯಂತ್ರ ಬಿಚ್ಚುವ ಮೊದಲೇ ಒಂದು ಪರೀಕ್ಷೆ ಮಾಡಬಹುದು. ಇಡೀ ಫಿಲ್ಮಿಗೆ ಕಪ್ಪು ಆಯತವೊಂದನ್ನು ಮುದ್ರಿಸಿ ಕಿಟಕಿಗೆ ಹಿಡಿಯಬೇಕು. ಫಿಲ್ಮ್ ಚಲಿಸಿದ ದಿಕ್ಕಿನಲ್ಲಿ ಸಮಾನ ಅಂತರದ ಚುಕ್ಕೆಗಳಿದ್ದರೆ ಅದು ಹಲ್ಲುಚಕ್ರದ ಕೆಲಸ. ಅದೇ ದಿಕ್ಕಿನಲ್ಲಿ ಕಡಿಯದ ಗೆರೆಯಿದ್ದರೆ ಎಲ್ಲೋ ಉಜ್ಜುತ್ತಿದೆ ಎಂದರ್ಥ. ಅಡ್ಡ ಪಟ್ಟಿಗಳು ಕಂಡರೆ ಶಾಯಿಯ ರಂಧ್ರ ಕಟ್ಟಿದೆ, ಇಲ್ಲವೇ ಹಾಳೆ ಸರಿಯುವುದರಲ್ಲಿ ವ್ಯತ್ಯಾಸವಿದೆ. ಚುಕ್ಕೆಯ ಸಾಲು ಅಂಚಿನಿಂದ ಎಷ್ಟು ಸೆಂಟಿಮೀಟರ್ ದೂರದಲ್ಲಿದೆ ಎಂದು ಅಳೆದು ಪ್ರಿಂಟರಿನಲ್ಲಿ ಅಷ್ಟೇ ದೂರದಲ್ಲಿ ನೋಡಿದರೆ ತಪ್ಪಿತಸ್ಥ ಚಕ್ರ ಸಿಕ್ಕಿಬೀಳುತ್ತದೆ! ಒಂದು ಅಡಿಪಟ್ಟಿ ಸಾಕು.

ಚಕ್ರವನ್ನು ಎತ್ತುವ ಬಗೆ

ಮೊದಲು ಬಿಚ್ಚದೆಯೇ ಆಗುವ ಉಪಾಯಗಳನ್ನು ನೋಡುವುದು ಜಾಣತನ. ಇಂಕ್‌ಜೆಟ್‌ಗೆಂದೇ ಲೇಪವಿರುವ ಫಿಲ್ಮನ್ನು ಕೊಳ್ಳಬೇಕು, ಲೇಪದ ಮುಖಕ್ಕೇ ಮುದ್ರಿಸಬೇಕು. ಲೇಸರ್ ಯಂತ್ರದ ಫಿಲ್ಮ್ ಬಳಸಿದರೆ ಶಾಯಿ ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಗಟ್ಟುತ್ತದೆ. ಪ್ರಿಂಟರಿನ ಸೆಟ್ಟಿಂಗ್‌ನಲ್ಲಿ ಶಾಯಿಯ ಪ್ರಮಾಣ ಇಳಿಸುವ, ಒಣಗಲು ಹೆಚ್ಚು ಸಮಯ ಕೊಡುವ ಅವಕಾಶವಿದ್ದರೆ ಬಳಸಬೇಕು. ಇಷ್ಟರಲ್ಲೇ ಹಲವು ಸಲ ಗುರುತು ಕಾಣದಷ್ಟು ಕಡಿಮೆಯಾಗುತ್ತದೆ.

ಇದರಿಂದಲೂ ಆಗದಿದ್ದರೆ ಚಕ್ರಗಳಿಗೆ ಕೈಹಾಕಬೇಕು. ಮನೆಯ ಒಳ್ಳೆಯ ಪ್ರಿಂಟರಿನ ಮೇಲೆ ಈ ಪ್ರಯೋಗ ಬೇಡ. ಬಿಚ್ಚಿದರೆ ಅದರ ಗ್ಯಾರಂಟಿ ಹೋಗುತ್ತದೆ. ಮೂಲೆ ಸೇರಿದ, ಆದರೂ ನಡೆಯುವ ಹಳೆಯದೊಂದನ್ನು ಆರಿಸಿಕೊಂಡು, ಹಿರಿಯರೊಬ್ಬರು ಜೊತೆಗಿದ್ದು, ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತ ಮೇಲೆಯೇ ಮುಟ್ಟಬೇಕು. ಒಳಗೆ ಉದ್ದಕ್ಕೂ ಚಾಚಿರುವ ಪಾರದರ್ಶಕ ಪಟ್ಟಿಯೊಂದಿರುತ್ತದೆ. ಅದರ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ಎಣಿಸುತ್ತಲೇ ಶಾಯಿಯ ತಲೆ ತಾನೆಲ್ಲಿದ್ದೇನೆಂದು ತಿಳಿಯುತ್ತದೆ. ಅದಕ್ಕೆ ಬೆರಳಿನ ಜಿಡ್ಡು ತಾಗಿದರೆ ಯಂತ್ರಕ್ಕೆ ದಿಕ್ಕು ತಪ್ಪುತ್ತದೆ. ಅದನ್ನು ಮುಟ್ಟಬಾರದು.

ಹಲ್ಲುಚಕ್ರಗಳು ಸಾಮಾನ್ಯವಾಗಿ ಒಂದು ಅಡ್ಡಪಟ್ಟಿಗೆ ಜೋಡಣೆಯಾಗಿರುತ್ತವೆ. ಅನೇಕ ಮಾದರಿಗಳಲ್ಲಿ ಪ್ರತಿಯೊಂದು ಚಕ್ರದ ನಡುವೆ ಸಣ್ಣ ಸ್ಪ್ರಿಂಗ್ ತಂತಿಯೇ ಅಚ್ಚಾಗಿರುತ್ತದೆ. ಅದನ್ನು ಚಿಮಟದಿಂದ ಮೆಲ್ಲನೆ ಎತ್ತಿದರೆ ಚಕ್ರ ಹೊರಬರುತ್ತದೆ. ಕೆಲವರು ಚಕ್ರ ತೆಗೆಯದೆ, ಪಟ್ಟಿಯ ಎರಡೂ ತುದಿಗೆ ತೆಳು ತಗಡಿನ ಚೂರು ಕೊಟ್ಟು ಇಡೀ ಪಟ್ಟಿಯನ್ನೇ ಕೂದಲೆಳೆಯಷ್ಟು ಎತ್ತುತ್ತಾರೆ. ಮುಟ್ಟುವ ಮುನ್ನ ಎಲ್ಲ ಕಡೆಯಿಂದ ಫೋಟೋ ತೆಗೆದುಕೊಂಡು, ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಹೆಸರು ಬರೆದ ಲಕೋಟೆಯಲ್ಲಿ ಇಟ್ಟುಕೊಂಡರೆ ಮರುಜೋಡಣೆ ಕಷ್ಟವಾಗದು.

ಎಲ್ಲ ಚಕ್ರಗಳನ್ನೂ ತೆಗೆದವರಿಗೆ ಹೊಸ ತೊಂದರೆಯೊಂದು ಎದುರಾಗುತ್ತದೆ. ಒತ್ತಿ ಹಿಡಿಯುವವರಿಲ್ಲದೆ ಫಿಲ್ಮಿನ ಮುಂದಿನ ಅಂಚು ಮೇಲೆ ಸುರುಳಿಗೊಂಡು ಶಾಯಿಯ ತಲೆಗೆ ಬಡಿಯಬಹುದು. ಹಾಳೆಯ ಬಾಲ ಒಳಗಿನ ರಬ್ಬರ್ ಉರುಳೆಯಿಂದ ಬಿಡಿಸಿಕೊಂಡ ಮೇಲೆ ಹೊರಗೆಳೆಯುವ ಹಿಡಿತವೂ ಇರುವುದಿಲ್ಲ. ಚಕ್ರಕ್ಕೂ ಒಂದು ಕೆಲಸವಿತ್ತು ಎಂಬುದು ಆಗ ಅರಿವಿಗೆ ಬರುತ್ತದೆ! ಇದಕ್ಕೆ ಪರಿಹಾರ ಸರಳ. ಚಿತ್ರ ಹಾಯುವ ನಡುಭಾಗದ ಚಕ್ರಗಳನ್ನು ಮಾತ್ರ ತೆಗೆದು, ಎರಡು ಅಂಚಿನವನ್ನು ಹಾಗೆಯೇ ಉಳಿಸಬೇಕು. ಚಿತ್ರವನ್ನು ಫಿಲ್ಮಿಗಿಂತ ಕಿರಿದಾಗಿಸಿ ಎರಡೂ ಬದಿಗೆ ಖಾಲಿ ಅಂಚು ಬಿಡಬೇಕು. ಅಂಚಿನಲ್ಲಿ ಹಲ್ಲು ಎಷ್ಟು ಬೇಕಾದರೂ ನಡೆದಾಡಲಿ, ಚಿತ್ರಕ್ಕೆ ತಾಗದು. ಹಾಳೆಯ ಕೊನೆಯಲ್ಲೂ ಒಂದಷ್ಟು ಖಾಲಿ ಜಾಗ ಬಿಟ್ಟರೆ ಹಿಡಿತ ತಪ್ಪುವ ಮೊದಲೇ ಮುದ್ರಣ ಮುಗಿದಿರುತ್ತದೆ.

ನೀಲಿ ಚಿತ್ರ

ಗುರುತಿಲ್ಲದ ನೆಗೆಟಿವ್ ಕೈಗೆ ಬಂದ ಮೇಲೆ ಬೆಳ್ಳಿಯ ಲವಣವೇ ಬೇಕೆಂದಿಲ್ಲ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಅಗ್ಗದ ದಾರಿಯಿದೆ. ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ ಅನ್ನು ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಬೇಕು. ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂನಿಂದ ಬೇರೆ 100 ಮಿ.ಲೀ. ದ್ರಾವಣ ಮಾಡಬೇಕು. ಬೇಕಾದಷ್ಟನ್ನು ಸಮಪ್ರಮಾಣದಲ್ಲಿ ಬೆರೆಸಿ, ಮಂದ ಬೆಳಕಿನ ಕೋಣೆಯಲ್ಲಿ ದಪ್ಪ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಬೇಕು. ಅದರ ಮೇಲೆ ನೆಗೆಟಿವ್, ನೆಗೆಟಿವ್ ಮೇಲೆ ಗಾಜು ಇಟ್ಟು ಬಿಸಿಲಿಗೆ ಹಿಡಿದರೆ, ಅತಿನೇರಳೆ ಕಿರಣ ತಾಗಿದಲ್ಲಿ ಫೆರಿಕ್ ಕಬ್ಬಿಣ ಫೆರಸ್ ಆಗುತ್ತದೆ. ಅದು ಫೆರಿಸಯನೈಡ್ ಜೊತೆ ಸೇರಿ ನೀರಿನಲ್ಲಿ ಕರಗದ ಕಡುನೀಲಿಯಾಗುತ್ತದೆ. ಬಿಸಿಲು, ಶಾಯಿಗಳಿಗೆ ತಕ್ಕಂತೆ ಐದರಿಂದ ಇಪ್ಪತ್ತು ನಿಮಿಷ ಹಿಡಿಯಬಹುದು. ಆಮೇಲೆ ನೀರಿನಲ್ಲಿ ತೊಳೆದರೆ ಬಿಸಿಲು ಕಾಣದ ಭಾಗ ಕರಗಿ ಬಿಳುಪು ಉಳಿಯುತ್ತದೆ.

ಇದನ್ನು ಶಾಲೆಯ ಪ್ರಯೋಗಾಲಯದಲ್ಲಿ, ಅಧ್ಯಾಪಕರ ಎದುರಿನಲ್ಲಿ, ಕೈಗವಸು ತೊಟ್ಟು ಮಾಡುವುದು ಕ್ಷೇಮ. ಫೆರಿಸಯನೈಡ್‌ನ ಹತ್ತಿರ ಆಮ್ಲ ಸುಳಿಯಬಾರದು, ಬಿಸಿಯೂ ಮಾಡಬಾರದು. ಅಡುಗೆಮನೆಯ ಪಾತ್ರೆ ಬೇಡವೇ ಬೇಡ. 1843ರಲ್ಲಿ ಆ್ಯನಾ ಆಟ್ಕಿನ್ಸ್ ಎಂಬ ಮಹಿಳೆ ಈ ವಿಧಾನದಿಂದ ಕಡಲ ಪಾಚಿಗಳ ಚಿತ್ರಪುಸ್ತಕವನ್ನೇ ಹೊರತರತೊಡಗಿದಳು. ಮುಂದೆ ಎಂಜಿನಿಯರರು ಕಟ್ಟಡದ ನಕ್ಷೆಗಳ ಪ್ರತಿ ತೆಗೆದದ್ದೂ ಹೀಗೆಯೇ. ಪತ್ರಿಕೆಗಳಲ್ಲಿ ದಿನವೂ ಕಾಣುವ ‘ನೀಲನಕ್ಷೆ’ ಎಂಬ ಮಾತಿನ ನೀಲಿ ಬಂದದ್ದು ಇಲ್ಲಿಂದ!

ಮರಳಿ ಕಿಟಕಿಗೆ

ಟಾಲ್ಬಟ್ 1877ರ ಸೆಪ್ಟೆಂಬರ್ 17ರಂದು ಲೇಕಾಕ್‌ನಲ್ಲೇ ತೀರಿಕೊಂಡ. ಅವನ ಮೊಮ್ಮಗಳು ಮಟಿಲ್ಡಾ ಟಾಲ್ಬಟ್ 1944ರಲ್ಲಿ ಮಠವನ್ನೂ ಹಳ್ಳಿಯನ್ನೂ ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದಳು. ಆದ್ದರಿಂದಲೇ ಊರು ಹಳೆಯ ಕಳೆಯನ್ನು ಉಳಿಸಿಕೊಂಡಿದೆ. ಸಂಜೆಯ ಹೊತ್ತಿಗೆ ಪ್ರವಾಸಿಗರು ಕರಗಿ, ಮಠದ ಮುಂದಿನ ಹುಲ್ಲುಗಾವಲಿನಲ್ಲಿ ನೆರಳು ಉದ್ದವಾಗುತ್ತದೆ. ಕಿಟಕಿಯ ಗಾಜುಗಳು ಒಂದೊಂದಾಗಿ ಹೊಳೆದು ಆರುತ್ತವೆ.

ಭೂತಗನ್ನಡಿ ಹಿಡಿದು ಗಾಜಿನ ತುಂಡುಗಳನ್ನು ಎಣಿಸಿದ ಆ ಮನುಷ್ಯನಿಗೂ, ಇಂದು ಫಿಲ್ಮನ್ನು ಮನೆಯ ಕಿಟಕಿಗೆ ಹಿಡಿದು ಹಲ್ಲುಚಕ್ರದ ಚುಕ್ಕೆಗಳನ್ನು ಎಣಿಸುವ ವಿದ್ಯಾರ್ಥಿಗೂ ನಡುವೆ ಸುಮಾರು ಎರಡು ಶತಮಾನಗಳ ಅಂತರವಿದೆ. ಆದರೆ ಇಬ್ಬರೂ ಮಾಡುತ್ತಿರುವ ಕೆಲಸ ಒಂದೇ. ನೂರು ಪ್ರತಿಗಳು ಹೊರಡುವ ಮುಂಚೆ ಮೂಲವನ್ನು ಬೆಳಕಿಗೆ ಹಿಡಿದು ನೋಡುವುದು.

ಹೋಗುವುದು ಹೇಗೆ?

ಲಂಡನ್ನಿನ ಪ್ಯಾಡಿಂಗ್‌ಟನ್ ನಿಲ್ದಾಣದಿಂದ ಚಿಪ್ಪೆನ್‌ಹ್ಯಾಮ್‌ಗೆ ರೈಲಿನಲ್ಲಿ ಒಂದು ಗಂಟೆಗೆ ತುಸು ಹೆಚ್ಚು. ಅಲ್ಲಿಂದ ಲೇಕಾಕ್ ದಕ್ಷಿಣಕ್ಕೆ ಸುಮಾರು 5 ಕಿ.ಮೀ. ಬಸ್ ಅಥವಾ ಟ್ಯಾಕ್ಸಿಯಲ್ಲಿ ಹೋಗಬಹುದು. ಮಠದ ಕೋಣೆಗಳು ಮತ್ತು ವಸ್ತುಸಂಗ್ರಹಾಲಯ ತೆರೆದಿರುವ ಸಮಯ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಅಷ್ಟು ದೂರ ಹೋಗಲಾಗದವರು ಹಂಪಿಗೆ ಹೋಗಬಹುದು. ರಥದ ಮುಂದೆ ನಿಂತು, ಅದರ ನೆತ್ತಿಯ ಮೇಲೆ ಒಂದು ಕಾಲಕ್ಕಿದ್ದ ಶಿಖರವನ್ನು ನೆನೆಯಬಹುದು.